ಸೀಮೆಎಣ್ಣೆಯ ಸ್ಟೌವು

ಹೊರನಾಡಿನಿಂದ ಬಂದ ವಸ್ತುವಿನ ಹೆಸರಿಗೆ ‘ಸೀಮೆ’ ಎಂಬ ಮಾತನ್ನು ತಗುಲಿಸಿ ಅದನ್ನು ಮನೆಯೊಳಕ್ಕೆ ಕರೆದುಕೊಳ್ಳುವ ಪದ್ಧತಿಯೊಂದು ನಮ್ಮ ಭಾಷೆಯಲ್ಲಿ ಬಹುಕಾಲದಿಂದ ಇದೆ. ಸೀಮೆಹಸು, ಸೀಮೆಸುಣ್ಣ, ಸೀಮೆಬದನೆ, ಹಾಗೆಯೇ ಸೀಮೆಎಣ್ಣೆ. ಉತ್ತರ ಕರ್ನಾಟಕದವರು ಇದನ್ನೇ ಚಿಮಣಿ ಎಣ್ಣೆ ಎಂದರು. ಅಲ್ಲಿ ದೀಪದ ಹೆಸರೇ ಎಣ್ಣೆಗೆ ಅಂಟಿಕೊಂಡಿತು. ನಮ್ಮ ಹೆಗ್ಗಡದೇವನಕೋಟೆಯ ಗಡಿ ದಾಟಿ ವಯನಾಡಿಗೆ ಹೋದರೆ ಮಲಯಾಳಿಗಳು ಮಣ್ಣೆಣ್ಣ ಎನ್ನುತ್ತಾರೆ. 1854ರಲ್ಲಿ ಅಮೆರಿಕದ ಪೇಟೆಂಟು ಪಡೆದ ಅಬ್ರಹಾಂ ಗೆಸ್ನರ್ ಎಂಬ ಕೆನಡಾದ ವಿಜ್ಞಾನಿ ಇದಕ್ಕೆ ಕೊಟ್ಟ ಹೆಸರು ಕೆರೋಸೀನ್. ಮೇಣವೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ್ದು. ಹೆಸರು ಎಷ್ಟಾದರೂ ಇರಲಿ, ಇದನ್ನು ಉರಿಸುವ ಒಲೆಗೆ ಮಾತ್ರ ಎಲ್ಲರೂ ಸ್ಟೌವು ಎಂದೇ ಕರೆದರು. ಆ ಸ್ಟೌವಿನ ಆರೈಕೆಯನ್ನು ಕುರಿತು ನಾನಿಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇದು ಕಾಲ ಮುಗಿದ ವಸ್ತುವಿನ ಶ್ರಾದ್ಧವಲ್ಲವೆ ಎಂದು ಯಾರಾದರೂ ಕೇಳಬಹುದು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಹಳ್ಳಿಗೆ ಅಡುಗೆ ಅನಿಲದ ಸಿಲಿಂಡರು ಹೋಯಿತು. ಅದೇ ವರ್ಷದಿಂದ ಪಡಿತರ ಸೀಮೆಎಣ್ಣೆಯ ಬೆಲೆಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ, 2020ರ ವೇಳೆಗೆ ಕೇಂದ್ರವು ಅದರ ಸಹಾಯಧನವನ್ನೇ ಇಲ್ಲವಾಗಿಸಿತು. ನೀಲಿ ಬಣ್ಣದ ಆ ಎಣ್ಣೆಗಾಗಿ ಡಬ್ಬಿ ಹಿಡಿದು ನಿಂತ ಸಾಲುಗಳು ನಮ್ಮ ಮಕ್ಕಳಿಗೆ ಕೇಳಿದ ಕಥೆಯಷ್ಟೆ. ಆದರೂ ಸ್ಟೌವು ಇನ್ನೂ ಅಟ್ಟದ ಮೇಲಿದೆ. ಕೂಲಿಯವರ ಬಿಡಾರದಲ್ಲಿದೆ. ಸಿಲಿಂಡರು ಖಾಲಿಯಾದ ದಿನ ಅದು ಕೆಳಗೆ ಇಳಿಯುತ್ತದೆ. ವರ್ಷಗಟ್ಟಲೆ ಮುಟ್ಟದ ಸ್ಟೌವನ್ನು ಹೊತ್ತಿಸುವ ಆ ದಿನವೇ ಅಪಾಯದ ದಿನ. ಇದು ಮೊದಲ ಕಾರಣ. ಎರಡನೆಯ ಕಾರಣ ಇದಕ್ಕಿಂತ ಗುರುತರವಾದದ್ದು. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ನಾನು ಬೆಳೆದ ಹಂಪಾಪುರ ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯ ಮೇಲಿನ ಒಂದು ಹೋಬಳಿ ಕೇಂದ್ರ. ನನ್ನ ಬಾಲ್ಯದಲ್ಲಿ ಅಲ್ಲಿಯ ಒಲೆಗಳು ಸೌದೆ, ಬೆರಣಿ, ಹತ್ತಿಕಡ್ಡಿಗಳನ್ನು ನಂಬಿದ್ದವು. ಕಾಡು ದೂರವಿರಲಿಲ್ಲ. ಆದರೆ ಮಳೆಗಾಲದ ಹಸಿಸೌದೆಯನ್ನು ಊದಿ ಊದಿ ಕಣ್ಣು ಕೆಂಪಾದ ಹೆಂಗಸರಿಗೆ ಕಡ್ಡಿ ಗೀರಿದರೆ ನೀಲಿಯಾಗಿ ಉರಿಯುವ ಸ್ಟೌವು ಒಂದು ಪವಾಡದಂತೆಯೇ ತೋರಿತು. ಕಬಿನಿಯ ಅಣೆಕಟ್ಟು 1974ರಲ್ಲಿ ಮುಗಿಯಿತು. ಆ ಕಾಲದ ಆಸುಪಾಸಿನಲ್ಲಿ ಉಪಾಧ್ಯಾಯರ, ನೌಕರರ ಮನೆಗಳಲ್ಲಿ ಮೊದಲು, ಆಮೇಲೆ ಉಳಿದವರ ಮನೆಗಳಲ್ಲಿ, ಕಾಫಿ ಕಾಯಿಸುವಷ್ಟರ ಮಟ್ಟಿಗೆ ಸ್ಟೌವು ನೆಲೆಯೂರಿತು.

ಸ್ಟೌವಿನಲ್ಲಿ ಎರಡು ಕುಲ. ಒಂದು ಪಂಪ್ ಸ್ಟೌವು, ಇನ್ನೊಂದು ಬತ್ತಿ ಸ್ಟೌವು. ಪಂಪ್ ಸ್ಟೌವಿನ ಮೂಲಪುರುಷ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್. ಅವನು 1892ರಲ್ಲಿ ರೂಪಿಸಿದ ಪ್ರೈಮಸ್ ಸ್ಟೌವು 1911ರಲ್ಲಿ ಅಮುಂಡ್‌ಸನ್ನನ ತಂಡದೊಡನೆ ದಕ್ಷಿಣ ಧ್ರುವದವರೆಗೂ ಹೋಗಿಬಂತು. ಅದರ ತತ್ತ್ವ ಸರಳವಾದದ್ದು. ಕೆಳಗೆ ಹಿತ್ತಾಳೆಯ ಟ್ಯಾಂಕು. ಅದರೊಳಕ್ಕೆ ಪಂಪಿನಿಂದ ಗಾಳಿ ತುಂಬುತ್ತೇವೆ. ಗಾಳಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ಮೊದಲೇ ಬಿಸಿಯಾಗಿರುವ ಬರ್ನರಿನ ಕೊಳವೆಗಳಲ್ಲಿ ಎಣ್ಣೆ ಆವಿಯಾಗಿ, ಕೂದಲೆಳೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಉರಿಯುವುದು ಎಣ್ಣೆಯಲ್ಲ, ಎಣ್ಣೆಯ ಆವಿ. ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟರೆ ಸ್ಟೌವಿನ ಮುಕ್ಕಾಲುಪಾಲು ರೋಗಗಳಿಗೆ ನಿದಾನ ತಾನಾಗಿ ಹೊಳೆಯುತ್ತದೆ.

ಸ್ಟೌವು ಹಳದಿಯಾಗಿ ಭುಗಿಲೆದ್ದು ಹೊಗೆ ಕಾರುತ್ತದೆ ಎನ್ನಿ. ಬರ್ನರು ಸಾಕಷ್ಟು ಕಾಯುವ ಮೊದಲೇ ಅವಸರದಿಂದ ಪಂಪು ಮಾಡಿದ್ದರ ಫಲ ಅದು. ಆವಿಗೆ ಬದಲಾಗಿ ಎಣ್ಣೆಯೇ ಹೊರಬಂದಿದೆ. ಗಾಳಿ ಬಿಟ್ಟು, ಚೆಲ್ಲಿದ ಎಣ್ಣೆ ಉರಿದು ಮುಗಿಯುವವರೆಗೆ ತಾಳಿ, ಎಲ್ಲ ತಣ್ಣಗಾದ ಮೇಲೆ ಒರೆಸಿ, ಬಟ್ಟಲಿನಲ್ಲಿ ಮತ್ತೆ ಸ್ಪಿರಿಟ್ಟು ಉರಿಸಿ ಬರ್ನರನ್ನು ಕಾಯಿಸಬೇಕು. ಉರಿ ಸಣ್ಣಗಾಗಿ ಒಂದು ಮಗ್ಗುಲಿಗೆ ವಾಲಿದರೆ ರಂಧ್ರದಲ್ಲಿ ಮಸಿ ಕಟ್ಟಿದೆ, ಪಿನ್ನು ಹಾಕಬೇಕು. ಆದರೆ ಪಿನ್ನನ್ನು ನೆಟ್ಟಗೆ, ಮೆಲ್ಲಗೆ ಹಾಕಬೇಕು. ದಿನವೂ ಒರಟಾಗಿ ಚುಚ್ಚಿದರೆ ರಂಧ್ರ ಅಗಲವಾಗಿ, ಆವಿ ಹೆಚ್ಚಾಗಿ ಗಾಳಿ ಸಾಲದೆ, ಉರಿ ಶಾಶ್ವತವಾಗಿ ಹಳದಿಯಾಗುತ್ತದೆ. ಆಗ ಆ ನಿಪ್ಪಲ್ಲನ್ನೇ ಬದಲಾಯಿಸಬೇಕು, ಬೇರೆ ಮದ್ದಿಲ್ಲ. ಎಷ್ಟು ಒತ್ತಿದರೂ ಗಾಳಿ ಏರುವುದಿಲ್ಲವಾದರೆ ಪಂಪಿನ ಚರ್ಮದ ವಾಷರು ಒಣಗಿದೆ. ಅದನ್ನು ಬಿಚ್ಚಿ ಎಣ್ಣೆಯಲ್ಲಿ ನೆನೆಸಿ, ಬೆರಳಿನಿಂದ ಅಂಚನ್ನು ಅರಳಿಸಿ ಕೂರಿಸಿದರೆ ಸಾಕು. ಪಂಪಿನ ಹಿಡಿ ತಾನಾಗಿ ಮೇಲಕ್ಕೆದ್ದರೆ, ಅಥವಾ ಪಂಪಿನೊಳಗೆ ಸೀಮೆಎಣ್ಣೆ ಜಿನುಗಿದರೆ, ತಳದ ವಾಲ್ವು ಕೆಟ್ಟಿದೆ ಎಂದು ತಿಳಿಯಬೇಕು. ಅಂಥ ಸ್ಟೌವನ್ನು ಆ ಕ್ಷಣದಿಂದ ಹೊತ್ತಿಸಕೂಡದು.

ನಮ್ಮ ಊರಿಗೆ ಸೈಕಲ್ಲಿನ ಮೇಲೆ ಒಬ್ಬ ರಿಪೇರಿಯವರು ಬರುತ್ತಿದ್ದರು. ಸ್ಟೌವನ್ನು ಕಿವಿಯ ಹತ್ತಿರ ಹಿಡಿದು ಗಾಳಿ ಸೋರುವ ಸದ್ದು ಕೇಳುವರು. ಸೋಪಿನ ನೊರೆ ಬಳಿದು ಗುಳ್ಳೆ ಏಳುವ ಜಾಗ ಹುಡುಕುವರು. ಒಮ್ಮೆ ನಮ್ಮ ತಾಯಿಯವರು, “ಇದು ಹಟಮಾರಿ ಕಣಪ್ಪ, ನನ್ನ ಮಾತೇ ಕೇಳೋಲ್ಲ” ಎಂದಾಗ ಅವರು, “ಹಟ ಅಲ್ಲ ಅಮ್ಮಾವ್ರೆ, ಉಸಿರು ಕಟ್ಟದೆ” ಎಂದು ಪಿನ್ನು ಕೈಗೆತ್ತಿಕೊಂಡರು. ಕೆಟ್ಟ ವಸ್ತುವನ್ನು ಬಯ್ಯುವ ಬದಲು ಅದರ ಸಂಕಟವೇನೆಂದು ವಿಚಾರಿಸುವ ಈ ಮನೋಧರ್ಮವನ್ನು ನಾನು ಮುಂದೆ ಎಷ್ಟೋ ಪುಸ್ತಕಗಳಲ್ಲಿ ಹುಡುಕಿದ್ದೇನೆ.

ಬತ್ತಿ ಸ್ಟೌವಿನ ಸ್ವಭಾವ ಬೇರೆ. ಅದು ಸಾಧು. ಅಲ್ಲಿ ಪಂಪಿಲ್ಲ, ಒತ್ತಡವಿಲ್ಲ. ಹತ್ತಿಯ ಬತ್ತಿಗಳು ಎಣ್ಣೆಯನ್ನು ತಾವೇ ಹೀರಿ ಮೇಲಕ್ಕೆ ಒಯ್ಯುತ್ತವೆ. ತೂತುತೂತಿನ ಎರಡು ತಗಡಿನ ಕೊಳವೆಗಳ ನಡುವೆ ಆವಿಗೆ ಗಾಳಿ ಸೇರುತ್ತದೆ. ತೈಲದ ಬಿಕ್ಕಟ್ಟಿನ ಎಪ್ಪತ್ತರ ದಶಕದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಸಂಶೋಧಕರು ರೂಪಿಸಿದ ನೂತನ್ ಸ್ಟೌವು ಈ ಕುಲದ್ದೇ. ಇದರ ಆರೈಕೆಯೆಂದರೆ ಬತ್ತಿಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸುವುದು, ಕರಿಕನ್ನು ತೆಗೆಯುವುದು, ತಗಡಿನ ತೂತುಗಳಲ್ಲಿ ಕಟ್ಟಿದ ಮಸಿಯನ್ನು ಉಜ್ಜುವುದು, ಕೊಳವೆಗಳನ್ನು ಓರೆಯಾಗದಂತೆ ಕೂರಿಸುವುದು. ಒಂದು ಬತ್ತಿ ಎತ್ತರವಾದರೂ ಪಾತ್ರೆಯ ತಳ ಕಪ್ಪಾಗುತ್ತದೆ. ಉರಿ ಚಟಪಟ ಸದ್ದು ಮಾಡಿದರೆ ಎಣ್ಣೆಯಲ್ಲಿ ನೀರು ಸೇರಿದೆ. ನೀರು ತಳದಲ್ಲಿ ನಿಲ್ಲುವುದರಿಂದ ಎಣ್ಣೆಯನ್ನು ಮೇಲಿನಿಂದ ಬಸಿದು, ಟ್ಯಾಂಕನ್ನು ಒರೆಸಿ, ಬತ್ತಿಗಳನ್ನು ಒಣಗಿಸಬೇಕು. ಸಾಧುವೆಂದು ಉದಾಸೀನ ಸಲ್ಲದು: ಉರಿಯುವಾಗ ಎಣ್ಣೆ ಸುರಿದರೆ ಸಾಧುವೂ ಮುನಿಯುತ್ತಾನೆ.

ಎರಡು ಕುಲಕ್ಕೂ ಸಲ್ಲುವ ಕೆಲವು ನಿಯಮಗಳಿವೆ. ಸ್ಟೌವು ಆರಿ, ತಣ್ಣಗಾದ ಮೇಲೆಯೇ ಎಣ್ಣೆ ತುಂಬಬೇಕು. ಟ್ಯಾಂಕಿನ ಮುಕ್ಕಾಲು ಭಾಗವನ್ನು ಮೀರಬಾರದು. ಪೆಟ್ರೋಲು ತಂದಿದ್ದ ಡಬ್ಬಿಯಲ್ಲಿ ಸೀಮೆಎಣ್ಣೆ ತರಬಾರದು. ಭಾರತೀಯ ಮಾನಕದ ಪ್ರಕಾರ ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಬೇಕಾದರೆ ಕಡಮೆಯೆಂದರೂ 35 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಪೆಟ್ರೋಲಿನದು ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗೇ ಹೊತ್ತುತ್ತದೆ. ಸ್ವಲ್ಪ ಪೆಟ್ರೋಲು ಬೆರೆತರೂ ಸೀಮೆಎಣ್ಣೆಯ ನಡತೆ ಬದಲಾಗುವುದು ಇದರಿಂದಲೇ. ಕಿಟಕಿ ತೆರೆದಿರಬೇಕು, ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಕೂಡಿಕೊಳ್ಳುತ್ತದೆ. ಚೆಲ್ಲಿದ ಎಣ್ಣೆಗೆ ಬೆಂಕಿ ಹತ್ತಿದರೆ ನೀರೆರಚದೆ ಮರಳು ಚೆಲ್ಲಬೇಕು, ಇಲ್ಲವೆ ಒದ್ದೆ ಗೋಣಿ ಮುಚ್ಚಬೇಕು. ಮೈಗೆ ಹತ್ತಿದರೆ ಓಡಬಾರದು. ನೆಲದ ಮೇಲೆ ಉರುಳಬೇಕು, ದಪ್ಪ ಕಂಬಳಿ ಹೊದಿಸಿ ಉರಿ ನಂದಿಸಬೇಕು. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಮಸಿ, ಬೆಣ್ಣೆ, ಹಲ್ಲುಪುಡಿ ಯಾವುದನ್ನೂ ಬಳಿಯಬಾರದು. ಆಮೇಲೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಈಗ ಎರಡನೆಯ ಕಾರಣಕ್ಕೆ ಬರುತ್ತೇನೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಪತ್ರಿಕೆ ಓದಿದವರಿಗೆ ‘ಸ್ಟೌವು ಸಿಡಿದು ಗೃಹಿಣಿಯ ಸಾವು’ ಎಂಬ ಶೀರ್ಷಿಕೆ ಪರಿಚಿತವಾದದ್ದು. ಎರಡು ಸಾಲಿನ ಸುದ್ದಿ. ಸತ್ತವಳು ಬಹುಮಟ್ಟಿಗೆ ಹೊಸದಾಗಿ ಮದುವೆಯಾದವಳು. ಅತ್ತೆಗೆ ಸಿಡಿಯದ, ಮಗಳಿಗೆ ಸಿಡಿಯದ ಸ್ಟೌವು ಸೊಸೆಗೆ ಮಾತ್ರ ಸಿಡಿಯುವುದು ಹೇಗೆಂದು ಕೇಳುವವರು ಮೊದಲಲ್ಲಿ ವಿರಳವಾಗಿದ್ದರು. ನಮ್ಮ ಊರಿನ ಆ ರಿಪೇರಿಯವರು ಓದಿದವರಲ್ಲ. ಅಂಥದೊಂದು ಸುದ್ದಿಯನ್ನು ಜಗಲಿಯ ಮೇಲೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಟ್ಯಾಂಕು ಬಿರ್ದಿತ್ತಾ?”

ಕೇಳುಗರೆ, ಆ ಪ್ರಶ್ನೆಯಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಒತ್ತಡದಿಂದ ಸ್ಟೌವು ನಿಜವಾಗಿ ಸಿಡಿದರೆ ಟ್ಯಾಂಕಿನ ಬೆಸುಗೆ ಬಿಟ್ಟಿರಬೇಕು, ಹಿತ್ತಾಳೆ ಹರಿದಿರಬೇಕು, ಮುಚ್ಚಳವೋ ಬರ್ನರೋ ಹಾರಿರಬೇಕು. ಟ್ಯಾಂಕು ಇದ್ದಂತೆ ಇದ್ದು, ಪಕ್ಕದಲ್ಲಿ ಎಣ್ಣೆಯ ಡಬ್ಬಿ ಬರಿದಾಗಿ, ಸತ್ತವಳ ತಲೆಗೂದಲಲ್ಲಿ ಸೀಮೆಎಣ್ಣೆಯ ವಾಸನೆ ಉಳಿದಿದ್ದರೆ, ಸ್ಟೌವಿನ ಮೇಲೆ ಹೊರಿಸಿದ್ದು ಸುಳ್ಳು ಅಪವಾದ. ಒತ್ತಡವೇ ಇಲ್ಲದ ಬತ್ತಿ ಸ್ಟೌವು ‘ಸಿಡಿಯಿತು’ ಎಂದು ಬರೆಸಿದರಂತೂ ಆ ಮಾತನ್ನು ಇನ್ನಷ್ಟು ಕೆದಕಿ ನೋಡಬೇಕು.

ನಿಜವಾದ ಅಪಘಾತಗಳೂ ನಡೆದಿವೆ. ಕೆಟ್ಟ ವಾಲ್ವಿನಿಂದ, ಕಲಬೆರಕೆ ಎಣ್ಣೆಯಿಂದ, ಉರಿಯ ಮೇಲೆ ತೂಗುವ ನೈಲಾನ್ ಸೆರಗಿನಿಂದ ಹೆಂಗಸರು ಬೆಂದಿದ್ದಾರೆ, ಅದನ್ನು ಅಲ್ಲಗಳೆಯಲಾಗದು. ಯಾವುದು ಅಪಘಾತ, ಯಾವುದು ಅಲ್ಲ ಎಂಬುದನ್ನು ಬೇರ್ಪಡಿಸುವುದಕ್ಕಾದರೂ ಸ್ಟೌವಿನ ಕೆಲಸ ನಮಗೆ ತಿಳಿದಿರಬೇಕು. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದಿತ್ತು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಸಾರಿದ 498-ಎ ಕಲಮು 1983ರಲ್ಲಿ ದಂಡಸಂಹಿತೆಗೆ ಸೇರಿತು. 1986ರಲ್ಲಿ 304-ಬಿ ಬಂತು: ಮದುವೆಯಾದ 7 ವರ್ಷದೊಳಗೆ ಹೆಂಗಸು ಸುಟ್ಟಗಾಯಗಳಿಂದ ಸತ್ತು, ಅದಕ್ಕೆ ಮುಂಚೆ ವರದಕ್ಷಿಣೆಗಾಗಿ ಅವಳನ್ನು ಹಿಂಸಿಸಿದ್ದು ರುಜುವಾತಾದರೆ ಅದು ವರದಕ್ಷಿಣೆ ಸಾವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 80ನೆಯ ಕಲಮಾಗಿ ಮುಂದುವರಿದಿದೆ. ಕಾನೂನು ಬದಲಾಯಿತು, ಆದರೆ ಕಾನೂನಿಗೆ ಸಾಕ್ಷ್ಯ ಬೇಕು, ಸಾಕ್ಷ್ಯ ಹೇಳುವುದಕ್ಕೆ ತಿಳಿದ ನೆರೆಹೊರೆಯವರು ಬೇಕು.

ಅಡುಗೆಮನೆಯ ಉಪಕರಣಗಳ ಜ್ಞಾನ ಹೆಂಗಸರ ಪಾಲಿಗೆ ಬಿಟ್ಟದ್ದೆಂದು ಗಂಡಸರಾದ ನಾವು ಬಹುಕಾಲ ನಂಬಿದೆವು. ಆದುದರಿಂದಲೇ ‘ಸ್ಟೌವು ಸಿಡಿಯಿತು’ ಎಂದಾಗ ತಲೆದೂಗಿ ಸುಮ್ಮನಾದೆವು. ಒಲೆಯನ್ನು ಬಲ್ಲವನು ಹಾಗೆ ಸುಮ್ಮನಾಗಲಾರ. ಇಂದು ಸ್ಟೌವಿನ ಜಾಗದಲ್ಲಿ ಸಿಲಿಂಡರು ನಿಂತಿದೆ. ರಬ್ಬರ್ ಕೊಳವೆ, ರೆಗ್ಯುಲೇಟರು, ಸಿಲಿಂಡರಿನ ವಾಲ್ವಿನೊಳಗಿನ ವಾಷರು ನಮ್ಮ ಕಣ್ಣೆದುರಿಗಿವೆ. ಅವುಗಳ ಕೆಲಸವನ್ನು ಮನೆಯ ಗಂಡಸರೂ ಮಕ್ಕಳೂ ಒಂದು ಸಂಜೆ ಕುಳಿತು ಕಲಿಯಲಿ. ಅಟ್ಟದ ಮೇಲಿನ ಹಳೆಯ ಸ್ಟೌವನ್ನು ಇಳಿಸುವುದಾದರೆ ಮೊದಲು ವಾಷರು ನೋಡಿ, ವಾಲ್ವು ನೋಡಿ, ಟ್ಯಾಂಕಿನ ಬೆಸುಗೆ ನೋಡಿ; ಸಂಶಯವಿದ್ದರೆ ಹೊತ್ತಿಸಬೇಡಿ. ಪಕ್ಕದ ಮನೆಯಲ್ಲಿ ಯಾವುದಾದರೂ ಸಿಡಿಯಿತೆಂಬ ಸುದ್ದಿ ಬಂದರೆ, ಟ್ಯಾಂಕು ಬಿರಿದಿತ್ತೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗಾದರೂ ಇರಲಿ.