ಕೂಸು ಬಡವಾಗದಿರಲಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಪೋಷಕರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



‘ಮಗುವಿನ ಪಾಲನೆ ಮತ್ತು ನ್ಯಾಯಾಲಯ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಹಿರಿಯರು ನನಗೆ ಸೂಚಿಸಿದ್ದಾರೆ. ನಾನು ಕಾನೂನು ಓದಿದವಳಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಸಾಮಾನ್ಯ ಶಿಕ್ಷಕಿ. ಆದರೂ ಈ ವಿಷಯವನ್ನು ಒಪ್ಪಿಕೊಂಡಿದ್ದೇನೆ. ಏಕೆಂದರೆ ನಾನು ಬರೆದ ಎರಡೇ ಎರಡು ಪದಗಳು ಒಮ್ಮೆ ಕೋರ್ಟಿನ ಮೆಟ್ಟಿಲು ಹತ್ತಿದವು.

ಕೆಲವು ವರ್ಷಗಳ ಹಿಂದೆ ನನ್ನ ಮೂರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ವಾರಕ್ಕೆ ಎರಡು ಮೂರು ದಿನ ಪ್ರಾರ್ಥನೆ ಮುಗಿದ ಮೇಲೆಯೇ ಬರುತ್ತಿದ್ದ. ಅಂಗಿಯ ಗುಂಡಿ ಕಿತ್ತಿರುತ್ತಿತ್ತು, ಹೋಂವರ್ಕ್ ಆಗಿರುತ್ತಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಸಂಜೆ ನಲವತ್ತು ಪ್ರಗತಿ ಪತ್ರಗಳನ್ನು ತುಂಬುತ್ತಾ ಕುಳಿತಿದ್ದಾಗ ಅವನ ಪತ್ರದ ಷರಾ ಕಾಲಂನಲ್ಲಿ ‘ಮನೆಯಲ್ಲಿ ನಿರ್ಲಕ್ಷ್ಯ’ ಎಂದು ಬರೆದು ಮುಂದಿನ ಪತ್ರ ಕೈಗೆತ್ತಿಕೊಂಡೆ.

ಆ ಹುಡುಗನ ತಂದೆ ತಾಯಿ ಬೇರೆಯಾಗಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಕೆಲವು ತಿಂಗಳ ನಂತರ ಅವನ ತಾಯಿ ಶಾಲೆಗೆ ಬಂದರು. “ಟೀಚರ್, ನೀವು ಬರೆದದ್ದನ್ನು ಕೋರ್ಟಿನಲ್ಲಿ ಓದಿದರು” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಗನನ್ನು ತನಗೆ ಒಪ್ಪಿಸಬೇಕೆಂದು ತಂದೆ ಅರ್ಜಿ ಹಾಕಿದ್ದರು. ತಾಯಿ ಮಗುವನ್ನು ನೋಡಿಕೊಳ್ಳುವುದಿಲ್ಲ ಎಂಬುದಕ್ಕೆ ಆಧಾರವಾಗಿ ನನ್ನ ಪ್ರಗತಿ ಪತ್ರವನ್ನೇ ಲಗತ್ತಿಸಿದ್ದರು. ಆ ತಾಯಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯಬೇಕು. ಹುಡುಗ ತನ್ನ ಪುಟ್ಟ ತಂಗಿಯನ್ನು ನಾನಿಯ ಮನೆಗೆ ಬಿಟ್ಟು, ಅಲ್ಲಿಂದ ನಡೆದುಕೊಂಡು ಶಾಲೆಗೆ ಬರುತ್ತಿದ್ದ. ನಾನು ನೋಡಿದ್ದು ಗುಂಡಿ ಇಲ್ಲದ ಅಂಗಿ ಮಾತ್ರ.

ಅಂದಿನಿಂದ ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿತು. ತಿಳಿದವರನ್ನು ಕೇಳಿದೆ, ತೀರ್ಪುಗಳನ್ನು ಓದಿಸಿಕೊಂಡೆ. ತಿಳಿದುಕೊಂಡದ್ದನ್ನು ಸರಳವಾಗಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಮಕ್ಕಳ ಪಾಲನೆಯ ವಿಚಾರಕ್ಕೆ ಇಂದಿಗೂ ಆಧಾರವಾಗಿರುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಇದರ 17ನೇ ಕಲಮಿನಂತೆ ನ್ಯಾಯಾಧೀಶರು ಮಗುವಿನ ವೈಯಕ್ತಿಕ ಕಾನೂನನ್ನು ಗಮನದಲ್ಲಿಟ್ಟುಕೊಂಡು, ಮಗುವಿನ ಹಿತ ಯಾವುದರಲ್ಲಿದೆಯೋ ಅದರಂತೆ ತೀರ್ಮಾನಿಸಬೇಕು. ಮಗುವಿನ ವಯಸ್ಸು, ಲಿಂಗ, ಧರ್ಮ, ಪೋಷಕರಾಗಲು ಬಯಸುವವರ ನಡತೆ ಮತ್ತು ಶಕ್ತಿ, ಮಗುವಿನೊಂದಿಗೆ ಅವರ ಹಿಂದಿನ ಸಂಬಂಧ, ಇವೆಲ್ಲವನ್ನೂ ನೋಡಬೇಕು. ಮಗು ತಿಳಿವಳಿಕೆಯಿಂದ ಹೇಳುವ ವಯಸ್ಸಿನದಾಗಿದ್ದರೆ ಅದರ ಇಷ್ಟವನ್ನೂ ಪರಿಗಣಿಸಬಹುದು. ಪೋಷಕರಾಗಿ ನೇಮಕಗೊಂಡವರು ಮಗುವನ್ನು ಹಿಂಸಿಸಿದರೆ ಅಥವಾ ಸರಿಯಾಗಿ ನೋಡಿಕೊಳ್ಳದಿದ್ದರೆ ಅವರನ್ನು ತೆಗೆದುಹಾಕುವ ಅಧಿಕಾರ 39ನೇ ಕಲಮಿನಲ್ಲಿದೆ.

ಇದು ನಮಗೆ ಹೊಸ ಮಾತೇನೂ ಅಲ್ಲ. ನಮ್ಮ ಫಿಕ್ಹ್‌ನಲ್ಲಿ ‘ಹಿಝಾನತ್’ ಎಂಬ ಅಧ್ಯಾಯವೇ ಇದೆ. ಹನಫಿ ಮತದಂತೆ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಮಡಿಲಲ್ಲಿರಬೇಕು. ತಾಯಿ ಇಲ್ಲದಿದ್ದರೆ ನಾನಿ, ನಂತರ ದಾದಿ ಎಂದು ಸಾಲು ಸಾಗುತ್ತದೆ. ಶಾಫಿ ಮತದಲ್ಲಿ ತಿಳಿವಳಿಕೆ ಬಂದ ಮಗುವಿಗೆ ತಾಯಿ ತಂದೆಯರಲ್ಲಿ ಒಬ್ಬರನ್ನು ಆರಿಸಿಕೊಳ್ಳುವ ಅವಕಾಶವಿದೆ. ಹಿಝಾನತ್ ಯಾರ ಬಳಿಯೇ ಇರಲಿ, ಮಗುವಿನ ಖರ್ಚಿನ ಹೊಣೆ ತಂದೆಯದು. ಮಗುವನ್ನು ಸರಿಯಾಗಿ ನೋಡಿಕೊಳ್ಳದವರಿಗೆ ಈ ಹಕ್ಕು ಉಳಿಯುವುದಿಲ್ಲ. ಅಂದರೆ ಈ ಹಕ್ಕನ್ನು ಕೊಟ್ಟಿರುವುದು ದೊಡ್ಡವರ ಪ್ರತಿಷ್ಠೆಗಾಗಿ ಅಲ್ಲ, ಮಗುವಿನ ರಕ್ಷಣೆಗಾಗಿ.

ಇನ್ನು ಸುಪ್ರೀಂ ಕೋರ್ಟಿನ ನಾಲ್ಕು ತೀರ್ಪುಗಳನ್ನು ನೋಡೋಣ.

ಮೊದಲನೆಯದು 2008ರದು, ಪಶ್ಚಿಮ ಬಂಗಾಳದಿಂದ ಬಂದ ಪ್ರಕರಣ. ತಾಯಿ ತೀರಿಕೊಂಡಿದ್ದಳು. ಅವಳ ಸಾವಿಗೆ ಸಂಬಂಧಿಸಿ ತಂದೆಯ ಮೇಲೆ ವರದಕ್ಷಿಣೆ ಕಿರುಕುಳದ ಮೊಕದ್ದಮೆ ನಡೆಯುತ್ತಿತ್ತು. ಮಗು ತಾಯಿಯ ತಂದೆ ತಾಯಿಯರ ಬಳಿ ಇತ್ತು. ಕೆಳಗಿನ ಕೋರ್ಟು ಮತ್ತು ಕಲ್ಕತ್ತಾ ಹೈಕೋರ್ಟು ಎರಡೂ ತಂದೆಗೆ ಮಗುವನ್ನು ಒಪ್ಪಿಸಲು ಆದೇಶಿಸಿದ್ದವು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತಂದೆಯ ಮೇಲಿನ ಮೊಕದ್ದಮೆಯನ್ನು ತೂಗಿ ನೋಡಿಲ್ಲ, ಮಗುವಿನ ಮನಸ್ಸನ್ನು ಅರಿತಿಲ್ಲ ಎಂದು ಹೇಳಿ, ನ್ಯಾಯಮೂರ್ತಿಗಳು ತಾವೇ ಮಗುವಿನೊಂದಿಗೆ ಮಾತನಾಡಿದರು. ಮಗು ಅಜ್ಜ ಅಜ್ಜಿಯ ಬಳಿಯೇ ಉಳಿಯಿತು.

ಎರಡನೆಯದು ನಮ್ಮ ಬೆಂಗಳೂರಿನದು, 2010ರ ತೀರ್ಪು. ಅದು ಮುಸ್ಲಿಂ ಕುಟುಂಬ. ತಾಯಿ ತೀರಿಕೊಂಡ ನಂತರ ತಂದೆ ಮರುಮದುವೆಯಾಗಿದ್ದರು. ಮಕ್ಕಳು ತಾಯಿಯ ಕಡೆಯವರ ಜೊತೆಯಲ್ಲಿದ್ದರು. ವೈಯಕ್ತಿಕ ಕಾನೂನಿನಂತೆ ತಂದೆಯೇ ಸಹಜ ಪೋಷಕ ಎಂಬುದು ತಂದೆಯ ವಾದ. ಪೋಷಕನೆಂಬ ಸ್ಥಾನ ಬೇರೆ, ಮಗುವನ್ನು ಬಳಿಯಿಟ್ಟುಕೊಂಡು ಸಾಕುವುದು ಬೇರೆ ಎಂದು ಕೋರ್ಟ್ ಸ್ಪಷ್ಟಪಡಿಸಿತು. ದೊಡ್ಡ ಮಗಳ ಇಷ್ಟವನ್ನೂ ಗಮನಿಸಿ, ಮೂಲ ಅರ್ಜಿ ತೀರ್ಮಾನವಾಗುವವರೆಗೆ ಮಕ್ಕಳು ಇದ್ದಲ್ಲೇ ಇರಲಿ ಎಂದಿತು.

ಈ ಎರಡನ್ನು ಕೇಳಿ ತಂದೆಯರು ಬೇಸರಪಡಬಾರದು. ಮೂರನೆಯದು 2019ರ ತೀರ್ಪು, ಮಹಾರಾಷ್ಟ್ರದ ಪ್ರಕರಣ. ಹೆಂಡತಿಗೆ ಕ್ಯಾನ್ಸರ್. ಅದೇ ಸಮಯಕ್ಕೆ ಗಂಡನೂ ಕ್ಷಯರೋಗದಿಂದ ಆಸ್ಪತ್ರೆ ಸೇರಿದ. ಹಸುಗೂಸನ್ನು ತಾಯಿಯ ಒಡಹುಟ್ಟಿದವರು ಪ್ರೀತಿಯಿಂದಲೇ ಸಾಕಿದರು. ತಾಯಿ ತೀರಿಕೊಂಡರು, ತಂದೆ ಗುಣಮುಖನಾಗಿ ಬಂದು ಮಗುವನ್ನು ಕೇಳಿದ. ಬಾಂಬೆ ಹೈಕೋರ್ಟ್ ಮಗುವನ್ನು ಅವನಿಗೆ ಕೊಡಿಸಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಾಕಿದವರಿಗೆ ಮಗುವನ್ನು ಕಾಣುವ ಅವಕಾಶವನ್ನೂ ಕೊಟ್ಟಿತು. ಕಾಯಿಲೆಯಿಂದ ಮಗುವಿನಿಂದ ದೂರವಿದ್ದದ್ದು ನಿರ್ಲಕ್ಷ್ಯವಾಗುವುದಿಲ್ಲ ಎಂಬುದು ಇಲ್ಲಿ ನಾವು ಕಲಿಯಬೇಕಾದ ಪಾಠ.

ನಾಲ್ಕನೆಯದು 2022ರದು, ಗುಜರಾತಿನಿಂದ ಬಂದದ್ದು. 2021ರ ಕೋವಿಡ್ ಅಲೆಯಲ್ಲಿ ಒಬ್ಬ ಪುಟ್ಟ ಹುಡುಗ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ಒಂದು ಕಡೆ ವಯಸ್ಸಾದ ತಂದೆಯ ತಂದೆ ತಾಯಿ. ಇನ್ನೊಂದು ಕಡೆ ಸರ್ಕಾರಿ ನೌಕರಿಯಲ್ಲಿದ್ದ ತಾಯಿಯ ಸಹೋದರಿ. ಹೈಕೋರ್ಟ್ ಆ ಸಹೋದರಿಗೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅಜ್ಜ ಅಜ್ಜಿಗೆ ಕೊಟ್ಟಿತು. ಆದಾಯ ಹೆಚ್ಚಿದೆ, ವಯಸ್ಸು ಕಡಿಮೆ, ಕುಟುಂಬ ದೊಡ್ಡದು ಎಂಬ ಕಾರಣ ಮಾತ್ರದಿಂದ ಮಗುವನ್ನು ಕೊಡಲಾಗದು ಎಂದಿತು.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿ. ಒಮ್ಮೆ ತಂದೆಗೆ, ಎರಡು ಸಲ ತಾಯಿಯ ಕಡೆಗೆ, ಒಮ್ಮೆ ತಂದೆಯ ಕಡೆಗೆ ಮಗು ಹೋಗಿದೆ. ಮೇಲ್ನೋಟಕ್ಕೆ ಗೊಂದಲವೆನಿಸಿದರೂ ಕೇಳಿದ ಪ್ರಶ್ನೆ ಒಂದೇ: ಈ ಮಗು ಯಾರ ಬಳಿ ಚೆನ್ನಾಗಿ ಬೆಳೆದೀತು? ಯಾರ ಹಕ್ಕು ದೊಡ್ಡದು ಎಂಬುದು ಎರಡನೆಯ ಪ್ರಶ್ನೆ. ಮಗುವಿನ ಉತ್ತರ ಆಯಾ ಮನೆಯಲ್ಲಿ ಆಯಾ ದಿನ ನಡೆಯುವ ಸಣ್ಣ ಸಣ್ಣ ಸಂಗತಿಗಳಲ್ಲಿದೆ. ಆದ್ದರಿಂದಲೇ ಬಡತನವನ್ನು, ಕಾಯಿಲೆಯನ್ನು, ದುಡಿಯಲು ಹೊರಗೆ ಹೋಗುವುದನ್ನು ನಿರ್ಲಕ್ಷ್ಯ ಎಂದು ಕರೆಯುವ ಮೊದಲು ಹತ್ತು ಸಲ ಯೋಚಿಸಬೇಕು.

ಹಾಗೆಂದು ನಿಜವಾದ ನಿರ್ಲಕ್ಷ್ಯ ಇಲ್ಲವೆಂದಲ್ಲ. ಜ್ವರ ಬಂದ ಮಗುವನ್ನು ದಿನಗಟ್ಟಲೆ ವೈದ್ಯರಿಗೆ ತೋರಿಸದಿರುವುದು, ಹೊಟ್ಟೆಗೆ ಹಾಕದಿರುವುದು, ಕುಡಿದು ಬಂದು ಹೊಡೆಯುವುದು, ಮಗುವನ್ನು ಬಿಟ್ಟುಹೋಗುವುದು ಇವೆಲ್ಲ ನಮ್ಮ ನಡುವೆಯೂ ನಡೆಯುತ್ತವೆ. ಇಂಥ ಮಕ್ಕಳಿಗಾಗಿ 2015ರ ಬಾಲನ್ಯಾಯ ಕಾಯ್ದೆ ಇದೆ. ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇರುತ್ತದೆ. ಅದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. 1098ಕ್ಕೆ ಯಾರು ಬೇಕಾದರೂ, ಮಕ್ಕಳೇ ಕೂಡ, ಹಣವಿಲ್ಲದೆ ಫೋನ್ ಮಾಡಬಹುದು. ತನ್ನ ಸುಪರ್ದಿನಲ್ಲಿರುವ ಮಗುವನ್ನು ಬೇಕೆಂದೇ ನಿರ್ಲಕ್ಷಿಸಿ ನೋವು ಕೊಟ್ಟವರಿಗೆ 3 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ: ಮಗುವನ್ನು ಪಾಲನಾ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕು. ಮೊದಲು ಮನೆಯನ್ನು ಸರಿಪಡಿಸಲು ನೋಡಬೇಕು, ನಂತರ ನೆಂಟರ ಮನೆ, ಆಮೇಲೆ ಉಳಿದದ್ದು.

ಈಗ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಹಾಜರಿ ಪುಸ್ತಕ ತೆಗೆದುಕೊಂಡು ನಾನು ಕೋರ್ಟಿಗೆ ಹೋಗಬೇಕಾಯಿತು. ನನ್ನ ಕೈ ನಡುಗುತ್ತಿತ್ತು. ಹುಡುಗ ತಡವಾಗಿ ಬಂದದ್ದು ನಿಜ, ಆದರೆ ವರ್ಷದಲ್ಲಿ ಗೈರುಹಾಜರಾದದ್ದು ಆರೇ ದಿನ ಎಂದು ಪುಸ್ತಕ ಹೇಳಿತು. “ಮನೆಯಲ್ಲಿ ನಿರ್ಲಕ್ಷ್ಯ ಎಂದು ಬರೆದಿದ್ದೀರಿ, ಮನೆಗೆ ಹೋಗಿ ನೋಡಿದ್ದಿರಾ?” ಎಂದು ವಕೀಲರು ಕೇಳಿದರು. “ಇಲ್ಲ” ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಭಾರವಾದ ಉತ್ತರವನ್ನು ನಾನು ಕೊಟ್ಟಿಲ್ಲ. ನ್ಯಾಯಾಧೀಶರು ಹುಡುಗನನ್ನು ತಮ್ಮ ಕೊಠಡಿಗೆ ಕರೆಸಿ ಮಾತನಾಡಿದರು. ಕೊನೆಗೆ ಮಗ ತಾಯಿಯ ಬಳಿ ಉಳಿದ, ಭಾನುವಾರ ತಂದೆಯೊಂದಿಗೆ ಕಳೆಯುವಂತಾಯಿತು. ತಂದೆಯೂ ಕೆಟ್ಟವರೇನಲ್ಲ. ಆಮೇಲೆ ಪ್ರತಿ ವರ್ಷ ಶುಲ್ಕ ಕಟ್ಟಲು ಅವರೇ ಬರುತ್ತಿದ್ದರು.

ನನ್ನ ತಪ್ಪನ್ನು ಈ ವೇದಿಕೆಯಿಂದ ಹೇಳಿಕೊಳ್ಳುತ್ತಿರುವುದು ಶಿಕ್ಷಕ ಬಂಧುಗಳಿಗಾಗಿ. ನಾವು ಬರೆಯುವ ಷರಾ ಯಾರ ಕೈಗೆ ಹೋಗುತ್ತದೆಂದು ನಮಗೆ ತಿಳಿಯದು. ‘ನಿರ್ಲಕ್ಷ್ಯ’ ಎಂಬುದು ತೀರ್ಪು; ‘ಹನ್ನೆರಡು ದಿನ ತಡವಾಗಿ ಬಂದಿದ್ದಾನೆ’ ಎಂಬುದು ಸಂಗತಿ. ಸಂಗತಿಯನ್ನು ಬರೆಯೋಣ, ಕಾರಣವನ್ನು ಕೇಳೋಣ, ಸಾಧ್ಯವಾದರೆ ಒಮ್ಮೆ ಮನೆಗೆ ಹೋಗಿ ಬರೋಣ. ಮಗುವಿನ ಮೈಮೇಲೆ ಬಾಸುಂಡೆ ಕಂಡಾಗ ಮಾತ್ರ ಸುಮ್ಮನಿರಬಾರದು, ತಾರೀಖು ಹಾಕಿ ಬರೆದಿಟ್ಟು ಹೆಡ್‌ಮಾಸ್ತರರಿಗೆ ತಿಳಿಸಿ 1098ಕ್ಕೆ ಕರೆ ಮಾಡಬೇಕು. ಅವಸರದಲ್ಲಿ ಬರೆಯುವುದು ಒಂದು ತಪ್ಪಾದರೆ, ಕಂಡೂ ಬರೆಯದಿರುವುದು ಅದಕ್ಕಿಂತ ದೊಡ್ಡ ತಪ್ಪು.

ಪೋಷಕರೇ, ಬೇರೆಯಾಗುವ ಪ್ರಸಂಗ ಯಾರಿಗೂ ಬಾರದಿರಲಿ. ಬಂದರೂ ಮಗುವನ್ನು ಸಾಕ್ಷಿ ಮಾಡಬೇಡಿ, ಗೂಢಚಾರ ಮಾಡಬೇಡಿ. “ನಿನ್ನ ಅಬ್ಬಾ ಎಂಥವರು ಗೊತ್ತೇ?”, “ನಿನ್ನ ಅಮ್ಮಿ ಏನು ಮಾಡಿದಳು ಗೊತ್ತೇ?” ಎಂಬ ಮಾತುಗಳು ಮಗುವಿನ ಎದೆಯಲ್ಲಿ ಉಳಿಯುತ್ತವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ತಲಾಕ್ ಅಥವಾ ಖುಲಾ ಪಂಚಾಯಿತಿ ನಿಮ್ಮ ಮುಂದೆ ಬಂದಾಗ ಮಹರ್, ಒಡವೆ, ಸಾಮಾನುಗಳ ಲೆಕ್ಕ ಮುಗಿಯುವ ಮೊದಲು ಮಗು ಎಲ್ಲಿರುತ್ತದೆ, ಶಾಲೆಯ ಶುಲ್ಕ ಯಾರು ಕೊಡುತ್ತಾರೆ ಎಂದು ಕೇಳಿ. ಒಪ್ಪಂದವಾಗದಿದ್ದರೆ ಕೌಟುಂಬಿಕ ನ್ಯಾಯಾಲಯದ ದಾರಿ ತೋರಿಸಿ. ಕೋರ್ಟಿಗೆ ಹೋಗುವುದು ಅವಮಾನವಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಪಕ್ಕದ ಬೆಂಚಿನಲ್ಲಿ ಗುಂಡಿ ಕಿತ್ತ ಅಂಗಿಯವನು ಕುಳಿತಿದ್ದರೆ ನಗಬೇಡಿ. ಅವನು ಬೆಳಿಗ್ಗೆ ನಿಮಗಿಂತ ಹೆಚ್ಚು ಕೆಲಸ ಮುಗಿಸಿ ಬಂದಿರಬಹುದು. ನಿಮಗೇ ಮನೆಯಲ್ಲಿ ಕಷ್ಟವಿದ್ದರೆ ನಂಬಿಕೆಯಿರುವ ಒಬ್ಬ ಶಿಕ್ಷಕರಿಗೆ ಹೇಳಿ. ಹೇಳುವುದು ತಂದೆ ತಾಯಿಗೆ ದ್ರೋಹವಲ್ಲ.

ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ದಾರಿಯಲ್ಲಿ ಕಂಡರೆ ಸಲಾಂ ಹೇಳುತ್ತಾನೆ. ಪ್ರತಿ ಸಲವೂ ಆ ಷರಾ ಕಾಲಂ ನನ್ನ ಕಣ್ಣ ಮುಂದೆ ಬರುತ್ತದೆ. ನಲವತ್ತು ಪತ್ರಗಳನ್ನು ಈಗ ಒಂದು ಸಂಜೆಯಲ್ಲಿ ಮುಗಿಸುವುದಿಲ್ಲ, ನಾಲ್ಕು ದಿನ ತೆಗೆದುಕೊಳ್ಳುತ್ತೇನೆ.