ಬಿಸಿಲ ನಾಡಿನ ಬಹುಮಹಡಿಗಳು: ಕರೆಂಟಿನ ಲೆಕ್ಕ, ಇಂಗಾಲದ ಲೆಕ್ಕ



ದೊಡ್ಡ ವಸತಿ ಸಮುಚ್ಚಯಗಳ ವಿದ್ಯುತ್ ಬಳಕೆ ಮತ್ತು ಹಸಿರುಮನೆ ಅನಿಲಗಳ ಬಗ್ಗೆ ಚರ್ಚಿಸಲು ಬೆಂಗಳೂರು ಸರಿಯಾದ ಜಾಗ, ವಿಜಯಪುರ ಯಾಕೆ ಎಂದು ಕೆಲವರು ಕೇಳಬಹುದು. ಈ ಊರು ಇವತ್ತಿಗೂ ಬಹುಪಾಲು ಸ್ವಂತ ಮನೆಗಳ ಊರೇ. ಆದರೆ ನಾವು ಇಲ್ಲಿ ಸೇರಿರುವುದೂ ಅದೇ ಕಾರಣಕ್ಕೆ. ಬೆಂಗಳೂರಿನಲ್ಲಿ ಕಟ್ಟಿ ಮುಗಿಸಿದ ಕಟ್ಟಡಗಳನ್ನು ತಿದ್ದುವ ಮಾತು ನಡೆದಿದೆ. ನಮ್ಮಲ್ಲಿ ನಕ್ಷೆ ಇನ್ನೂ ಮೇಜಿನ ಮೇಲಿದೆ. ವಿಜಯಪುರ ಮಹಾನಗರ ಪಾಲಿಕೆಯಾದದ್ದು 2013ರಲ್ಲಿ. ತಿಕೋಟಾ, ಬಬಲೇಶ್ವರ ತಾಲ್ಲೂಕು ಕೇಂದ್ರಗಳಾಗಿ ಇನ್ನೂ ಹೆಚ್ಚು ವರ್ಷಗಳಾಗಿಲ್ಲ. ಅಥಣಿ ರಸ್ತೆ, ಜಮಖಂಡಿ ರಸ್ತೆಗಳ ಬದಿಯ ಹೊಲಗಳು ಕೃಷಿಯೇತರ (ಎನ್.ಎ.) ಜಮೀನಾಗಿ ಪ್ಲಾಟುಗಳಾಗುತ್ತಿವೆ. ಅಲ್ಲಿ ಏಳುವ ಕಟ್ಟಡ ಐವತ್ತು ವರ್ಷ ಎಷ್ಟು ಕರೆಂಟು ಉಣ್ಣುತ್ತದೆ ಎಂಬುದು ಅಡಿಪಾಯ ತೋಡುವ ಮೊದಲೇ ತೀರ್ಮಾನವಾಗುತ್ತದೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟನ್ನೇ.

ನಮ್ಮ ಜಿಲ್ಲೆಯವರಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಹೇಳಿಕೊಡಬೇಕಿಲ್ಲ. ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್ ಘಟಕವಿದೆ. ಎಲ್ಲವೂ ಒಂದೇ ಜಾಲಕ್ಕೆ ಸೇರಿ ಹೆಸ್ಕಾಂ ತಂತಿಯಲ್ಲಿ ಮನೆಗೆ ಬರುತ್ತದೆ. ದೇಶದ ಜಾಲದ ಸರಾಸರಿ ಹಿಡಿದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಜನರೇಟರಿನಲ್ಲಿ ಸುಡುವ ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕಿಲೋ. ಈ ಎರಡು ಅಂಕಿ ಕೈಯಲ್ಲಿದ್ದರೆ ಯಾವ ಸಮುಚ್ಚಯದ ಲೆಕ್ಕವನ್ನಾದರೂ ಕಾಗದದ ಮೇಲೆ ಹಾಕಬಹುದು.

ನೂರು ಮನೆಗಳ ಒಂದು ಸಮುಚ್ಚಯವನ್ನು ಕಲ್ಪಿಸಿಕೊಳ್ಳಿ. ಮನೆಗೆ ದಿನಕ್ಕೆ 500 ಲೀಟರ್ ಎಂದರೆ ಒಟ್ಟು 50 ಸಾವಿರ ಲೀಟರ್ ನೀರು. ಸಂಪಿನಿಂದ 25 ಮೀಟರ್ ಎತ್ತರದ ಟ್ಯಾಂಕಿಗೆ ಅದನ್ನು ಏರಿಸಲು, ಮೋಟರಿನ ದಕ್ಷತೆ ಅರ್ಧದಷ್ಟು ಎಂದು ಹಿಡಿದರೂ, ಸುಮಾರು 7 ಯೂನಿಟ್ ಸಾಕು. ಆದರೆ ನೀರು ಸಂಪಿಗೆ ಬಂದದ್ದು ಎಲ್ಲಿಂದ? ಆಲಮಟ್ಟಿ ಜಲಾಶಯದ ಪೂರ್ಣಮಟ್ಟ 519.6 ಮೀಟರ್; ನಮ್ಮ ನಗರ 590 ಮೀಟರಿನ ಆಸುಪಾಸಿನಲ್ಲಿದೆ. ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರನ್ನು 75 ಮೀಟರಿನಷ್ಟು ಎತ್ತಿ ತರಲು ಅದೇ ಲೆಕ್ಕದಲ್ಲಿ ದಿನಕ್ಕೆ 20 ಯೂನಿಟ್ ಬೇಕು, ಪೈಪಿನೊಳಗಿನ ಘರ್ಷಣೆ ಬೇರೆ. ಬೇಸಿಗೆಯಲ್ಲಿ ಅಷ್ಟೇ ನೀರನ್ನು 200 ಮೀಟರ್ ಆಳದ ಬೋರಿನಿಂದ ಎತ್ತಿದರೆ 55 ಯೂನಿಟ್. ಅಪಾರ್ಟ್‌ಮೆಂಟ್ ಸಂಘದ ಸಭೆಗಳಲ್ಲಿ ಜಗಳವಾಗುವುದು ಏಳು ಯೂನಿಟ್ಟಿನ ಬಗ್ಗೆ, ಐವತ್ತೈದರ ಬಗ್ಗೆ ಯಾರೂ ಬಾಯಿ ತೆರೆಯುವುದಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಕಂಡ ರೈತರಿಗೆ ನೀರನ್ನು ಎತ್ತರಕ್ಕೆ ಒಯ್ಯುವುದರ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದವರೂ ಅದನ್ನು ಅರಿತಿದ್ದರು. ಆ ಕೆರೆಯ ನೀರು ಮಣ್ಣಿನ ಕೊಳವೆಗಳಲ್ಲಿ ಇಳಿಜಾರಿನ ಬಲದಿಂದಲೇ ಊರೊಳಕ್ಕೆ ಹರಿಯುತ್ತಿತ್ತು. ದಾರಿಯಲ್ಲಿ ನಿಂತ ಗಂಜ್ ಎಂಬ ನೀರಿನ ಗೋಪುರಗಳು ಒತ್ತಡ ಇಳಿಸುತ್ತಿದ್ದವು. ಹೀಗಾಗಿ ಸಮುಚ್ಚಯದ ಮಳೆನೀರು ಸಂಗ್ರಹವನ್ನು ಕರೆಂಟು ಉಳಿಸುವ ಯಂತ್ರವೆಂದೇ ಎಣಿಸಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಇನ್ನು ತಂಪಿನ ವಿಷಯ. ನಿಜವಾದ ಹೊರೆ ಇರುವುದು ಇಲ್ಲಿ. ಒಂದೂವರೆ ಟನ್ನಿನ ಎ.ಸಿ. ಒಂದು ಮೇ ತಿಂಗಳ ದಿನ ಏಳೆಂಟು ಗಂಟೆ ಓಡಿದರೆ ಆರೇಳು ಯೂನಿಟ್ ಎಲ್ಲೂ ಹೋಗಲಿಲ್ಲ. ನೂರು ಮನೆಯಲ್ಲಿ ಒಂದೊಂದೇ ಇದ್ದರೂ ದಿನಕ್ಕೆ 600 ಯೂನಿಟ್ಟಿಗೂ ಮೇಲೆ. ನೀರಿನ ಲೆಕ್ಕವೆಲ್ಲ ಸೇರಿದರೂ ಅದರ ಹತ್ತಿರ ಬರುವುದಿಲ್ಲ. ನಮ್ಮ ಊರಲ್ಲಿ ಮನೆಮನೆಗೂ ಇದ್ದದ್ದು ಕೂಲರ್. ಅದು 200 ವ್ಯಾಟಿನ ಒಳಗೆ ಓಡುತ್ತದೆ. ಕಡಲತೀರದ ಮಂಗಳೂರಿನಲ್ಲಿ ಕೂಲರ್ ಇಟ್ಟರೆ ಮೈ ಇನ್ನಷ್ಟು ಜಿಗುಟಾದೀತು; ನಮ್ಮ ಒಣಗಾಳಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಿ. ಮೇಲೆ ಸೂರು, ಸುತ್ತ ಬಯಲು, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿದ ದ್ರಾಕ್ಷಿ. ಎರಡು-ಮೂರು ವಾರಗಳಲ್ಲಿ ಹಣ್ಣಿನ ನೀರನ್ನೆಲ್ಲ ಗಾಳಿಯೇ ಹೀರಿಬಿಡುತ್ತದೆ. ಹಣ್ಣನ್ನು ಒಣಗಿಸುವ ಆ ಗಾಳಿಯೇ ಒದ್ದೆ ಪ್ಯಾಡಿನ ಮೂಲಕ ಹಾದು ಕೋಣೆಯನ್ನು ತಂಪು ಮಾಡುತ್ತದೆ.

ಹಾಗಿದ್ದರೂ ಫ್ಲ್ಯಾಟಿಗೆ ಹೋದವರು ಎ.ಸಿ. ಕೊಳ್ಳುತ್ತಾರೆ, ಯಾಕೆ? ಶೋಕಿ ಎಂದು ದೂರುವುದು ಅನ್ಯಾಯ. ಕೂಲರಿಗೆ ಒಂದು ಕಿಟಕಿಯಿಂದ ಗಾಳಿ ಒಳಬರಬೇಕು, ಇನ್ನೊಂದರಿಂದ ಹೊರಹೋಗಬೇಕು. ನಡುವೆ ಕಾರಿಡಾರ್, ಎರಡೂ ಬದಿಗೆ ಮನೆಗಳು ಎಂಬ ನಕ್ಷೆಯಲ್ಲಿ ಮನೆಗೆ ಒಂದೇ ಕಡೆ ಕಿಟಕಿ. ಕಿಟಕಿಯ ಹೊರಗೆ ಕೂಲರಿನ ಸ್ಟ್ಯಾಂಡ್ ಇಡಲು ಎಷ್ಟೋ ಸಂಘಗಳ ನಿಯಮ ಬಿಡುವುದಿಲ್ಲ. ಪಡುವಣ ಗೋಡೆಗೆ ಛಜ್ಜಾ ಇಲ್ಲ. ಮೇಲ್ಮಹಡಿಯ ಕಾಂಕ್ರೀಟ್ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿ ಹನ್ನೆರಡರವರೆಗೆ ಕೆಳಗೆ ಶಾಖ ಸುರಿಯುತ್ತದೆ. ಹಳ್ಳಿಯ ಮಾಳಿಗೆ ಮನೆಯ ದಪ್ಪ ಹಾಳಮಣ್ಣಿನ ಹೊದಿಕೆಯ ಕೆಳಗೆ ಮಲಗಿ ಬೆಳೆದವರಿಗೆ ಈ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಗೋಡೆ-ಕಿಟಕಿಗಳ ಮೂಲಕ ಒಳನುಗ್ಗುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಎಂಬ ಮಿತಿ ಹಾಕಿದೆ. ಅದನ್ನು ಪಾಲಿಸಲು ದುಬಾರಿ ಗಾಜು ಬೇಕಿಲ್ಲ. ನೆರಳು, ಎದುರುಬದುರು ಕಿಟಕಿ, ಟೆರೇಸಿಗೆ ಬಿಳಿಬಣ್ಣ, ಪಡುವಣಕ್ಕೆ ಮೆಟ್ಟಿಲು ಮತ್ತು ಬಚ್ಚಲು, ಇವು ನಕ್ಷೆಯ ಹಂತದಲ್ಲಿ ಬಹುಪಾಲು ಪುಕ್ಕಟೆಯಾಗಿ ಸಿಗುತ್ತವೆ.

ಎ.ಸಿ.ಯ ಗ್ಯಾಸಿನ ಬಗ್ಗೆಯೂ ಒಂದು ಮಾತು. ಆರ್-32 ಎಂಬ ಗ್ಯಾಸು ಒಂದು ಕಿಲೋ ಸೋರಿದರೆ ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-410ಎ ಆದರೆ ಎರಡು ಟನ್ನಿಗೂ ಮೇಲೆ. ಪ್ರತಿ ಬೇಸಿಗೆಗೆ ಗ್ಯಾಸು ತುಂಬಿಸುವ ಎ.ಸಿ.ಯಲ್ಲಿ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ.

2023ರಲ್ಲಿ ಬಂದ ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆಯಿಂದ ಅನೇಕ ಮನೆಗಳ ಬಿಲ್ಲು ಸೊನ್ನೆಯಾಗಿದೆ, ಬಡ ಮನೆಗಳಿಗೆ ಅದು ದೊಡ್ಡ ಆಸರೆ. ಆದರೆ ಲಿಫ್ಟು, ಮೋಟರು, ಪಾರ್ಕಿಂಗ್ ದೀಪ, ಕೊಳಚೆ ನೀರು ಶುದ್ಧೀಕರಣ ಘಟಕದ (ಎಸ್‌ಟಿಪಿ) ಬ್ಲೋವರ್ ಇವುಗಳ ಕಾಮನ್ ಮೀಟರಿಗೆ ಆ ಸೊನ್ನೆ ಇಲ್ಲ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಟೆರೇಸನ್ನು ಯಾರಿಗೂ ಮಾರದೆ ಉಳಿಸಿಕೊಂಡಿದ್ದರೆ ಮಾತ್ರ ಇದು ಸಾಧ್ಯ. ಮೋಟರನ್ನು ಬೆಳಗಿನ ಆರಕ್ಕೂ ಸಂಜೆಯ ಏಳಕ್ಕೂ ಓಡಿಸುವ ಬದಲು ಮಧ್ಯಾಹ್ನ ಓಡಿಸಿದರೆ ರಾಜ್ಯದ ಜಾಲದಲ್ಲಿ ಸೌರ ವಿದ್ಯುತ್ ಹೇರಳವಾಗಿರುವ ಹೊತ್ತಿನದೇ ಕರೆಂಟು ಸಿಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಟೈಮರ್.

ಈ ಎರಡು ದಿನದ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದುವವರಲ್ಲಿ ನನ್ನದೊಂದು ವಿನಂತಿ. ನಾನು ಈಗ ಹೇಳಿದ ನೂರು ಮನೆಗಳ ಲೆಕ್ಕ ಕಾಗದದ್ದು. ಬೇರೆ ಹವೆಯ ಊರಿನ ಅಂಕಿಗಳು ಇಲ್ಲಿ ಹೊಂದುವುದಿಲ್ಲ. ಸೋಲಾಪುರ ರಸ್ತೆಯ, ಆಶ್ರಮ ರಸ್ತೆಯ ಸಮುಚ್ಚಯಗಳಿಗೆ ಹೋಗಿ ಕಾಮನ್ ಮೀಟರಿನ ಹನ್ನೆರಡು ತಿಂಗಳ ಬಿಲ್ಲು, ಜನರೇಟರಿನ ಡೀಸೆಲ್ ಪುಸ್ತಕ, ಟ್ಯಾಂಕರ್ ಚೀಟಿ, ಎ.ಸಿ. ಮೆಕ್ಯಾನಿಕ್ ತುಂಬಿದ ಗ್ಯಾಸಿನ ತೂಕ ಇಷ್ಟನ್ನು ಬರೆದುಕೊಳ್ಳಿ. ಮೇಲ್ಮಹಡಿ ಮತ್ತು ನೆಲಮಹಡಿಯ ಒಂದೊಂದು ಮನೆಯಲ್ಲಿ ಥರ್ಮಾಮೀಟರ್ ತೂಗುಹಾಕಿ. ಪಾಲಿಕೆಯ ನಗರ ಯೋಜನೆ ವಿಭಾಗದವರು, ತಿಕೋಟಾ, ಬಬಲೇಶ್ವರದ ಸ್ಥಳೀಯ ಸಂಸ್ಥೆಯವರು ಮುಂದಿನ ನಕ್ಷೆಗೆ ಮಂಜೂರಾತಿ ಕೊಡುವಾಗ ಆ ಅಂಕಿಗಳು ಅವರ ಕೈಯಲ್ಲಿರಲಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಯಾವ ಕಾಲೇಜು ಯಾವ ಸಮುಚ್ಚಯವನ್ನು ವಹಿಸಿಕೊಳ್ಳುತ್ತದೆ ಎಂಬುದನ್ನು ಹೆಸರು ಹಿಡಿದು ನಿರ್ಧರಿಸೋಣ.