ಅಟ್ಟದ ಮೇಲಿನ ಲೋಟ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆಂದು ನೀವು ಎಣಿಸಿರಬಹುದು. ನಾನು ಕೆಮ್ಮಿನ ಬಗ್ಗೆ ಮಾತಾಡಲು ಬಂದಿದ್ದೇನೆ.

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಿತ್ತಾಳೆ ಲೋಟವಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಅಜ್ಜನ ಅಣ್ಣನದು, ಅವರು ಕ್ಷಯದಿಂದ ತೀರಿಕೊಂಡರು ಎಂದು ಅಜ್ಜಿ ಬಾಯಿಬಿಟ್ಟಿದ್ದು ನಾನು ಪಿಯುಸಿಗೆ ಹೋದ ಮೇಲೆ. ಸ್ವಾತಂತ್ರ್ಯ ಬಂದ ಆಸುಪಾಸಿನ ಮಾತು. ಊರವರಿಗೆ ಹೇಳಿದ್ದು 'ಮೈಸೂರಿನಲ್ಲಿ ಕೆಲಸಕ್ಕಿದ್ದಾನೆ' ಎಂದು. ಅವರಿದ್ದದ್ದು ಅಲ್ಲಿನ ಸ್ಯಾನಟೋರಿಯಂನಲ್ಲಿ.

ಆ ಆಸ್ಪತ್ರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಅರಮನೆಯ ಆ ಮಗಳನ್ನೂ ಬಲಿ ತೆಗೆದುಕೊಂಡದ್ದು ಇದೇ ಕ್ಷಯ. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ; ಸೇರಿದ್ದು 1956ರಲ್ಲಿ. ಆ ಕಾಲದ ಸ್ಯಾನಟೋರಿಯಂಗಳಲ್ಲಿ ಚಿಕಿತ್ಸೆಯೆಂದರೆ ಮುಖ್ಯವಾಗಿ ತೆರೆದ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ಕೆಲವರಿಗೆ ಎದೆಯೊಳಗೆ ಸೂಜಿಯಿಂದ ಗಾಳಿ ತುಂಬಿ ಶ್ವಾಸಕೋಶವನ್ನೇ ಕುಗ್ಗಿಸಿ ಮಲಗಿಸುತ್ತಿದ್ದರು.

ರಾಬರ್ಟ್ ಕಾಕ್ ಈ ರೋಗದ ಕ್ರಿಮಿಯನ್ನು ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ರಂದು. ಅದನ್ನು ಕೊಲ್ಲುವ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದಲ್ಲಿ. ಮದ್ದು ಭೂಮಿಯ ಮೇಲಿತ್ತು. ನಮ್ಮ ದೊಡ್ಡಜ್ಜನವರೆಗೆ ಬರಲಿಲ್ಲ.

ಆಮೇಲೆ ಬಾಗಿಲು ತೆರೆದದ್ದು ನಮ್ಮ ದೇಶದಲ್ಲೇ. ಮದರಾಸಿನಲ್ಲಿ 1956ರಲ್ಲಿ ಶುರುವಾದ ಕೇಂದ್ರವೊಂದು, ಮನೆಯಲ್ಲೇ ಇದ್ದು ಮಾತ್ರೆ ನುಂಗಿದ ಬಡ ರೋಗಿಗಳೂ ಸ್ಯಾನಟೋರಿಯಂನಲ್ಲಿದ್ದವರಂತೆಯೇ ಗುಣವಾಗುತ್ತಾರೆ ಎಂದು ತೋರಿಸಿಕೊಟ್ಟಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂದು, ಚಿಕಿತ್ಸೆ ಜಿಲ್ಲೆಗಳ ಸಾಮಾನ್ಯ ಆಸ್ಪತ್ರೆಗಳಿಗೆ ಇಳಿಯಿತು.

ಇಷ್ಟೆಲ್ಲ ತಿಳಿದ ನಾನು ಏನು ಮಾಡಿದೆ? ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಐದನೇ ವರ್ಷ ಕೆಮ್ಮು ಹಿಡಿಯಿತು. ಎ.ಸಿ. ಗಾಳಿಯೆಂದು ಎರಡು ತಿಂಗಳು ತಳ್ಳಿದೆ. ಕೊನೆಗೆ ಕಫ ಪರೀಕ್ಷೆಯಲ್ಲಿ ಕ್ಷಯವೆಂದು ಬಂತು. ಮನೆಗೆ ಫೋನ್ ಮಾಡಿ 'ಕಾಮಾಲೆ' ಎಂದೆ. ಅಜ್ಜಿಯ ಸುಳ್ಳಿಗೂ ನನ್ನ ಸುಳ್ಳಿಗೂ ಮಧ್ಯೆ ಅರವತ್ತು ವರ್ಷಕ್ಕಿಂತ ಹೆಚ್ಚು. ಒಂದು ಇಂಜಿನಿಯರಿಂಗ್ ಪದವಿ ಬೇರೆ. ನಾನು ಮುಚ್ಚಿಟ್ಟ ಆ ಎರಡು ತಿಂಗಳಲ್ಲಿ ಯಾರ ಪಕ್ಕ ಕೂತು ಕೆಮ್ಮಿದೆನೋ ಎಂಬ ಯೋಚನೆ ಇವತ್ತಿಗೂ ಚುಚ್ಚುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾತ್ರೆ ಕೊಟ್ಟರು. 'ಮೂತ್ರ ಕೆಂಪಗಾಗುತ್ತದೆ, ಹೆದರಬೇಡಿ' ಎಂದರು ನರ್ಸ್. ನನಗೆ ನಗು ಬಂತು. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಕುಡಿದು ಬೆಳೆದ ನಮಗೆ ಅದು ಹೊಸದೇ? ಊರು ಬಿಟ್ಟ ಮೇಲೆ ಊರು ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಆ ರಾತ್ರಿಯೇ ಅಮ್ಮನಿಗೆ ನಿಜ ಹೇಳಿದೆ. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿ ಗುಣವಾದೆ.

ಮಕ್ಕಳೇ, ಮಳೆಗಾಲದಲ್ಲೂ ತರಗತಿಯ ಒಂದು ಕಿಟಕಿ ತೆರೆದಿಡಿ ಎಂದು ನಮ್ಮ ವಿಜ್ಞಾನ ಮೇಷ್ಟ್ರು ಗದರುತ್ತಿದ್ದರು. ಎರಚಲು ಬರುತ್ತದೆಂದು ನಾವು ಗೊಣಗುತ್ತಿದ್ದೆವು. ಕ್ಷಯ ಹರಡುವುದು ಮುಚ್ಚಿದ ಕೋಣೆಯ ಗಾಳಿಯಲ್ಲಿ, ಲೋಟದಿಂದಲ್ಲ. ಲೈನ್‌ಮನೆಯಾಗಲಿ, ತೋಟದ ಮನೆಯಾಗಲಿ, ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಹಾಯೆನಿಸಿತೆಂದು ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ. ಯಾರಿಗಾದರೂ ಬಂದರೆ ಅವರ ಮನೆಗೆ ಹೋಗುವುದನ್ನೂ ಬಿಡಬೇಡಿ.

ಕಳೆದ ರಜೆಯಲ್ಲಿ ಅಟ್ಟ ಹತ್ತಿ ಆ ಲೋಟವನ್ನು ಇಳಿಸಿದೆ. ಅಮ್ಮ ಹುಣಸೆಹುಳಿ ಹಾಕಿ ಉಜ್ಜಿದರು. ಅದರಲ್ಲೇ ನಮ್ಮ ತೋಟದ ಕಾಫಿ ಕುಡಿದೆ. ಈಗ ಅದು ಅಡುಗೆಮನೆಯಲ್ಲಿ ಉಳಿದ ಲೋಟಗಳ ಜೊತೆಗಿದೆ.